ಕೂಡಿದ ನೀರು, ಒಂಟಿ ನೀರು

ನಲ್ಲಿಯಲ್ಲಿ ನೀರು ಬಂದ ದಿನ ನಾನು ಮೊದಲು ಮಾಡುವ ಕೆಲಸ ಅದನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡುವುದು. ಗಂಡ ನಗುತ್ತಾರೆ. ಮಗಳು, "ಅಮ್ಮ, ಅದು ನೀರು, ಮೊಸರಲ್ಲ" ಎನ್ನುತ್ತಾಳೆ. ನಗಲಿ. ನಾವಿರುವುದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ, ಮತ್ತು ದಾವಣಗೆರೆಗೆ ಸ್ವಂತದ್ದೆನ್ನುವ ಹೊಳೆಯಿಲ್ಲ. ಇಷ್ಟು ದೊಡ್ಡ ಊರು ಬದುಕುವುದು ಕಡ ತಂದ ನೀರಿನಲ್ಲಿ. ಒಂದಿಷ್ಟು ಭದ್ರಾ ನಾಲೆಯಿಂದ ಕೆರೆಗೆ ಬಂದು ಅಲ್ಲಿಂದ ನಮ್ಮ ಮನೆಗೆ ಬರುತ್ತದೆ. ಇನ್ನೊಂದಿಷ್ಟನ್ನು ಹರಿಹರದ ಹತ್ತಿರ ತುಂಗಭದ್ರಾ ಹೊಳೆಯಿಂದ ಎತ್ತಿ ಪೈಪಿನಲ್ಲಿ ಕಳಿಸುತ್ತಾರೆ. ಯಾವ ದಿನ ಯಾವುದು ಬಂತು ಎಂದು ಯಾರೂ ಹೇಳುವುದಿಲ್ಲ. ಕೇಳಿದರೆ, "ಬಂತಲ್ರೀ, ಹಿಡ್ಕೊಳ್ರಿ" ಎನ್ನುತ್ತಾರೆ. ಹೀಗೆ ಉತ್ತರ ಹಾರಿಸುವವರನ್ನು ನಾನು ನಂಬುವುದಿಲ್ಲ.

ಬೇಳೆ ಬೇಯಲು ತಡವಾದರೆ ಬೋರಿನ ನೀರು ಬೆರೆಸಿದ್ದಾರೆ ಎಂದು ತಿಳಿದುಕೊಳ್ಳುತ್ತೇನೆ. ಬೇಗ ಬೆಂದರೆ ಹೊಳೆಯದ್ದೋ ನಾಲೆಯದ್ದೋ ಇರಬೇಕು. ಆದರೆ ಹೊಳೆ ನೀರಿಗೂ ನಾಲೆ ನೀರಿಗೂ ಇರುವ ವ್ಯತ್ಯಾಸ ಬೇಳೆಗೂ ಗೊತ್ತಾಗುವುದಿಲ್ಲ. ಗೊತ್ತಾಗುತ್ತದೆ ಎಂದು ಎದೆ ತಟ್ಟಿ ಹೇಳುವವರು ಒಬ್ಬರೇ, ನನ್ನ ಅತ್ತೆ.

ಅತ್ತೆ ಹರಿಹರದಲ್ಲಿ, ಹೊಳೆಗೆ ಹತ್ತಿರದ ಮನೆಯಲ್ಲಿ, ನನ್ನ ಮೈದುನನ ಸಂಸಾರದ ಜೊತೆ ಇದ್ದಾರೆ. ಬಿ.ಪಿ. ತೋರಿಸಲು ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ಬಂದಾಗಲೆಲ್ಲ ನಮ್ಮಲ್ಲಿ ಉಳಿಯುತ್ತಾರೆ. ಬರುವಾಗ ಕೈಚೀಲದಲ್ಲಿ ಒಂದು ಸೀರೆ, ಒಂದು ಮಾತ್ರೆ ಡಬ್ಬಿ, ಮತ್ತು ಹೊಳೆ ನೀರಿನ ಬಾಟಲಿ. ಆಸ್ಪತ್ರೆಯಲ್ಲಿ ಮಾತ್ರೆ ನುಂಗಲು ನರ್ಸು ಲೋಟದಲ್ಲಿ ನೀರು ಕೊಟ್ಟರೆ, "ಬ್ಯಾಡ ಕಣವ್ವ, ಒಂಟಿ ನೀರು ನನಗೆ ಆಗಿಬರಲ್ಲ" ಎಂದು ಬಾಟಲಿ ತೆಗೆಯುತ್ತಾರೆ. ಆ ಹುಡುಗಿ ನನ್ನ ಮುಖ ನೋಡುತ್ತಾಳೆ. ನಾನು ಗೋಡೆ ನೋಡುತ್ತೇನೆ.

ಒಂಟಿ ನೀರು ಎಂದರೇನು ಎಂದು ಹೇಳಬೇಕು. ತುಂಗೆ ಮತ್ತು ಭದ್ರೆ ಒಂದೇ ಬೆಟ್ಟದಲ್ಲಿ ಹುಟ್ಟುತ್ತವೆ. ಹುಟ್ಟಿದ ಮೇಲೆ, ಎಷ್ಟೋ ಮನೆಗಳ ಅಕ್ಕತಂಗಿಯರಂತೆ, ತಲಾ ಒಂದು ದಾರಿ ಹಿಡಿದು ಕೂಡಲಿಯಲ್ಲಿ ಮತ್ತೆ ಸೇರುತ್ತವೆ. ಅಲ್ಲಿಂದ ಮುಂದೆ ಅದು ತುಂಗಭದ್ರೆ, ನಮ್ಮ ಬಾಯಲ್ಲಿ ಬರೀ 'ಹೊಳೆ'. ಆದರೆ ಕೂಡಲಿ ಮುಟ್ಟುವುದಕ್ಕೆ ಮುಂಚೆಯೇ ಭದ್ರೆಗೆ ಅಣೆಕಟ್ಟು ಹಾಕಿ, ಅಲ್ಲಿಂದ ನಾಲೆ ತೆಗೆದು, ನಮ್ಮ ಬಯಲಿಗೆ ನೀರು ತಂದಿದ್ದಾರೆ. ಹಾಗಾಗಿ ನಾಲೆಯಲ್ಲಿರುವುದು ಬರೀ ಭದ್ರೆ. ತುಂಗೆಯ ಮುಖವನ್ನೇ ನೋಡದ ನೀರು. ಅತ್ತೆಯ ಮನೆಯವರಿಗೆ ಅದು ಒಂಟಿ ನೀರು. ಹರಿಹರದ ಹೊಳೆಯಲ್ಲಿರುವುದು ಕೂಡಿದ ನೀರು. "ತುಂಗಾ ಪಾನ, ಗಂಗಾ ಸ್ನಾನ ಅಂತ ಹಿರೇರು ಹೇಳ್ಯಾರೆ. ಅದ್ರಾಗೆ ಭದ್ರಾದ ಹೆಸರು ಎಲ್ಲೈತೆ, ತೋರಿಸು ನೋಡಾನ" ಎಂದು ಅತ್ತೆ ನನಗೆ ಸವಾಲು ಹಾಕುತ್ತಿದ್ದರು. ಈಗೀಗ ತುಂಗೆಯ ನೀರನ್ನೂ ಎತ್ತಿ ಭದ್ರೆಗೆ ಹಾಕುವ ಯೋಜನೆ ಇದೆಯಂತೆ ಎಂದು ನಾನು ಪೇಪರ್ ತೋರಿಸಿದರೆ, "ಯಂತ್ರದಿಂದ ಕೂಡಿಸಿದ್ದು ಕೂಡಿದಂಗಲ್ಲ" ಎಂದರು. ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಆ ಮನೆಯಲ್ಲಿ ಒಂದು ನೇಮವಿದೆ. ಗಂಡಿನ ಮದುವೆಯಿರಲಿ, ಹೆಣ್ಣಿನದಿರಲಿ, ಧಾರೆ ಎರೆಯುವ ನೀರು ಹರಿಹರದ ಹೊಳೆಯದೇ ಆಗಬೇಕು. ಎರಡು ಹೊಳೆ ಕೂಡಿದಂತೆ ಎರಡು ಜೀವ ಕೂಡಲಿ ಎಂಬುದು ಅದರ ಅರ್ಥ. ಅಜ್ಜಿಯ ಕಾಲದ ತಾಮ್ರದ ತಂಬಿಗೆಯಲ್ಲಿ ಮನೆಯ ಹಿರಿಸೊಸೆ ಹೊಳೆಗಿಳಿದು ತುಂಬಬೇಕು, ಮತ್ತು ಆಕೆಯ ಮದುವೆಯೂ ಕೂಡಿದ ನೀರಿನಲ್ಲೇ ಆಗಿರಬೇಕು. ನಾನು ಆ ಮನೆಯ ಹಿರಿಸೊಸೆ. ಹೋದ ಬೇಸಿಗೆಯಲ್ಲಿ ನನ್ನ ಒಬ್ಬಳೇ ಮಗಳ ಮದುವೆ ಗೊತ್ತಾದಾಗ ನನಗೆ ಬಂಗಾರದ ಚಿಂತೆ ಇರಲಿಲ್ಲ, ಅಡಿಗೆಯವರ ಚಿಂತೆಯೂ ಇರಲಿಲ್ಲ. ಆ ತಂಬಿಗೆಯನ್ನು ಈ ಸಲವಾದರೂ ನನ್ನ ಕೈಗೆ ಕೊಡುತ್ತಾರೋ ಇಲ್ಲವೋ ಎಂಬುದೊಂದೇ ಚಿಂತೆ. ಅಲ್ಲಿಯವರೆಗೆ ಅದನ್ನು ಮುಟ್ಟಲು ನನಗೆ ಬಿಟ್ಟಿರಲಿಲ್ಲ.

ಕಾರಣ ನನ್ನ ಮದುವೆಯ ದಿನದ್ದು. ಮದುವೆ ಆದದ್ದು ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ. ಅತ್ತೆ ಬೆಳಗ್ಗೆ ಹೊಳೆಗಿಳಿದು ತಂಬಿಗೆ ತುಂಬಿ, ಬಾಯಿಗೆ ವೀಳ್ಯದೆಲೆ ಮುಚ್ಚಿ, ಅರಿಶಿನದ ದಾರ ಸುತ್ತಿ, ಟೆಂಪೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ದಾರಿಯಲ್ಲಿ ಕುಲುಕಿ ಚೆಲ್ಲಬಾರದೆಂದು ಅವರು ಯಾವಾಗಲೂ ಕಂಠಮಟವೇ ತುಂಬುವುದು. ಗಂಡಿನ ಕಡೆಯ ಕೋಣೆಯಲ್ಲಿ ಅದನ್ನಿಟ್ಟು ಸೀರೆ ಬದಲಿಸಲು ಹೋದರು. ಬಂದು ನೋಡಿದರೆ ದಾರ ಸಡಿಲಾಗಿದೆ, ಎಲೆ ಒದ್ದೆಯಾಗಿದೆ, ನೀರು ಬಾಯಿಮಟ ಇದೆ. ಕಡಿಮೆಯಾಗಿದ್ದರೆ ಚೆಲ್ಲಿತು ಎನ್ನಬಹುದಿತ್ತು. ನೀರು ತಾನಾಗಿ ಹೆಚ್ಚಾಗುವುದುಂಟೆ?

"ಕಂಠಮಟ ತುಂಬಿದ್ದೆ, ಬಾಯಿಮಟ ಹೆಂಗೆ ಬಂತು? ನಮ್ಮ ನೀರು ಚೆಲ್ಲಿ ಬ್ಯಾರೆ ತುಂಬ್ಯಾರೆ!" ಎಂದು ಅತ್ತೆ ಕೂಗಿದ್ದು ಹಸೆಮಣೆಯ ಮೇಲೆ ಕೂತಿದ್ದ ನನಗೂ ಕೇಳಿಸಿತು. ಓಲಗದವರು ನಿಲ್ಲಿಸಿಬಿಟ್ಟರು. ಹೆಣ್ಣಿನ ಕಡೆಯವರು ನಾಲೆ ಕಡೆಯ ಜನ, ಯಾರೋ ತಂಬಿಗೆ ಉರುಳಿಸಿ, ಹೆದರಿ, ಮಂಟಪದ ನಲ್ಲಿಯಲ್ಲಿ ತುಂಬಿಟ್ಟಿದ್ದಾರೆ ಎಂದು ಅವರ ತೀರ್ಮಾನ. ಮತ್ತೆ ಹರಿಹರಕ್ಕೆ ಹೋಗಿ ತರುವಷ್ಟು ಹೊತ್ತಿರಲಿಲ್ಲ. ಶಾಸ್ತ್ರಿಗಳು ಮುಹೂರ್ತ ಮೀರುತ್ತದೆ ಎಂದು ಗದರಿ ಧಾರೆ ಎರೆಸಿದರು. ನನ್ನ ಅಪ್ಪ ಧಾರೆ ಎರೆಯುವಾಗ ತಲೆ ಎತ್ತಲಿಲ್ಲ. ಬೀಗರು ಮುತ್ತಿಕೊಂಡು ಕೇಳಿದಾಗ, "ಎಲ್ಲಾ ಹೊಳೆಗೇ ಹೋಗೋ ನೀರು, ಬಿಡ್ರಿ" ಎಂದ. ಅಷ್ಟೇ. ಅದನ್ನು ಅವರು ಒಪ್ಪಿಕೊಂಡಂತೆ ತಿಳಿದರು. ಸುಳ್ಳು ಯಾಕೆ ಹೇಳಲಿ, ನಾನೂ ಹಾಗೇ ತಿಳಿದೆ.

ಅಲ್ಲಿಂದ ಶುರುವಾಯಿತು. ಗಂಡನಿಗೂ ನನಗೂ ಒಂದು ಮಾತು ಹೆಚ್ಚುಕಡಿಮೆಯಾದರೆ, "ಒಂಟಿ ನೀರಿನ ಮದುವಿ, ಇನ್ಹೆಂಗೆ ಇರ್ತೈತೆ" ಎಂದು ಅಡಿಗೆಮನೆಯಿಂದ ಕೇಳಿಸುತ್ತಿತ್ತು. ಹಾಲು ಒಡೆದರೂ ಅದೇ ಕಾರಣ. ಮದುವೆಯಾದ ವರ್ಷವೇ ನನ್ನನ್ನು ಉಕ್ಕಡಗಾತ್ರಿಗೆ ಕರೆದುಕೊಂಡು ಹೋದರು. ಅಲ್ಲಿಗೆ ಜನ ಮೈಮೇಲೆ ಬಂದವರನ್ನು, ಗಾಳಿ ಸೋಕಿದವರನ್ನು ಕರೆತರುತ್ತಾರೆ. ನನಗೆ ಸೋಕಿದ್ದು ನಾಲೆ ನೀರು. ಕರಿಬಸವೇಶ್ವರನಿಗೆ ಕೈ ಮುಗಿಸಿ, ಹೊಳೆಯಲ್ಲಿ ಮುಳುಗಿಸಿ ಮುಳುಗಿಸಿ ಎಬ್ಬಿಸಿದರು. ನಾನು ಕೆಮ್ಮುತ್ತ ದಡ ಹತ್ತಿದರೆ, "ಮೈಗೇನೋ ಕೂಡಿದ ನೀರು ತಾಕ್ತು. ಒಳಗೆ ಇಳೀತೋ ಇಲ್ವೋ ಯಾರು ಕಂಡೋರು" ಎಂದು ಟವೆಲ್ ಕೊಟ್ಟರು. ಮೈದುನನ ಮದುವೆಗೆ ತಂಬಿಗೆಯನ್ನು ಅವರೇ ತುಂಬಿದರು. ಆಮೇಲೆ ನಾದಿನಿಯ ಮಗಳ ಮದುವೆಗೆ ತುಂಬಿದವಳು ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ನಾನು ಮೆಟ್ಟಿಲ ಮೇಲೆ ಚಪ್ಪಲಿ ಕಾಯುತ್ತ ನಿಂತಿದ್ದೆ.

ನೀವು ಕೇಳಬಹುದು, ಒಂದು ತಂಬಿಗೆಗೆ ಇಷ್ಟು ಯಾಕೆ ಎಂದು. ಅವಮಾನ ಆಗುತ್ತಿತ್ತು, ಅದಕ್ಕೆ. ನನ್ನ ಗಂಡ ಒಳ್ಳೆಯವರು, ಆದರೆ ಅವರ ಒಳ್ಳೆಯತನ ಅತ್ತೆಯೆದುರು ಬಾಯಿ ಬಿಡುವುದಿಲ್ಲ. ನಾನೊಬ್ಬಳೇ, "ನಮ್ಮ ಕಡೆಯೋರು ಯಾರೂ ಮುಟ್ಟಿಲ್ಲ" ಎಂದು ಜಗಳ ಆಡುತ್ತಿದ್ದೆ. ಬಾಯಲ್ಲಿ ಹಾಗೆ ಹೇಳುತ್ತ ಮನಸ್ಸಿನಲ್ಲಿ ಅಪ್ಪನನ್ನೇ ಅನುಮಾನಿಸುತ್ತಿದ್ದೆ. ತವರಿಗೆ ಹೋದಾಗ ಒಬ್ಬನೇ ಸಿಕ್ಕರೆ ಕೇಳುತ್ತಿದ್ದೆ. ಅವನು ಎಲೆಯಡಿಕೆ ಮಡಿಚುತ್ತ, "ಎಲ್ಲಾ ಹೊಳೆಗೇ ಹೋಗೋ ನೀರವ್ವಾ" ಎಂದು ಎದ್ದು ಹೋಗುತ್ತಿದ್ದ. ಋಷಿಮೂಲ, ನದಿಮೂಲ ಕೇಳಬಾರದು ಅನ್ನುತ್ತಾರೆ. ಅಪ್ಪನ ಮೂಲವನ್ನೂ ಕೇಳಬಾರದು ಎಂದು ಸೇರಿಸಬೇಕಿತ್ತು.

ಅನುಮಾನ ನನಗೆ ಬಂದದ್ದೂ ಅಪ್ಪನಿಂದಲೇ ಇರಬೇಕು. ನಮ್ಮೂರು ದಾವಣಗೆರೆಗೂ ಹರಿಹರಕ್ಕೂ ನಡುವೆ, ಕಾಲುವೆಯೊಂದರ ಕೊನೆಯಲ್ಲಿದೆ. ಕೊನೆ ಎಂದರೆ ನಾಲೆಯ ಮಾತಿನಲ್ಲಿ ಬಹಳ ದೊಡ್ಡ ಪದ. ಅಜ್ಜನ ಕಾಲಕ್ಕೆ ಆ ಹೊಲಗಳಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದರಂತೆ. ಹತ್ತಿ ಗಾಡಿಯಲ್ಲಿ ದಾವಣಗೆರೆಯ ಮಿಲ್ಲುಗಳಿಗೆ ಹೋಗುತ್ತಿತ್ತು. ಆಗ ಜನ ಅನುಮಾನಪಡುತ್ತಿದ್ದದ್ದು ಮೋಡವನ್ನು ಮಾತ್ರ. ನಾಲೆ ಬಂತು, ಹೊಲ ಗದ್ದೆಯಾಯಿತು, ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರನ್ನು ನೋಡಿ ನಮ್ಮವರೂ ಭತ್ತ ನಾಟಿ ಮಾಡಿದರು. ಮಿಲ್ಲುಗಳು ಮುಚ್ಚಿದವು, ಅಕ್ಕಿ ಗಿರಣಿಗಳು ಎದ್ದವು. ಜೊತೆಗೆ ಮನುಷ್ಯ ಮನುಷ್ಯನನ್ನು ನಂಬುವುದೂ ನಿಂತಿತು. ಮೇಲಿನವರು ನೀರು ಬಿಡದೆ ಕೊನೆಯವರಿಗೆ ಬೆಳೆಯಿಲ್ಲ. ನೀರು ಬರದಿದ್ದರೆ ಮೇಲಿನವರು ತೂಬು ಎತ್ತಿದ್ದಾರೆ ಎಂದೇ ಅರ್ಥ. ಅಪ್ಪ ಬೆಳಗಾದರೆ ನಾಲೆಯ ದಂಡೆ ಹಿಡಿದು ಮೇಲಕ್ಕೆ ನಡೆದು, ಯಾರ ಗದ್ದೆ ಒದ್ದೆಯಿದೆ ಎಂದು ನೋಡಿಕೊಂಡು ಬರುತ್ತಿದ್ದ. ಉಣ್ಣುವಾಗ ಅದನ್ನೇ ಹೇಳುತ್ತಿದ್ದ. ನಾನು ಆ ಮಾತು ಕಲಸಿದ ಅನ್ನ ತಿಂದು ಬೆಳೆದವಳು.

ಆಮೇಲೆ ಗೊತ್ತಾಯಿತು, ಈ ಹೊಳೆಯ ಸೀಮೆಯುದ್ದಕ್ಕೂ ಇದೇ ಕತೆ. ನಮಗೆ ನಾಲೆಯ ಮೇಲಿನವರ ಮೇಲೆ ಅನುಮಾನ. ಹರಿಹರದವರಿಗೆ ಶಿವಮೊಗ್ಗದವರ ಮೇಲೆ. ಹೊಸಪೇಟೆಯವರಿಗೆ ನಮ್ಮೆಲ್ಲರ ಮೇಲೆ. ರಾಯಚೂರಿನವರಿಗೆ ಹೊಸಪೇಟೆಯವರ ಮೇಲೆ. ಅದರಾಚೆಯ ರಾಜ್ಯದವರಿಗೆ ಇಡೀ ಕರ್ನಾಟಕದ ಮೇಲೆ. ನೀರು ಕೆಳಕ್ಕೆ ಹರಿದರೆ ಅನುಮಾನ ಮೇಲಕ್ಕೆ ಹತ್ತುತ್ತದೆ. ಸಾಲದ್ದಕ್ಕೆ ಅಡ್ಡಡ್ಡಕ್ಕೂ ಹರಿಯುತ್ತದೆ. ಒಂದು ಕಾಲಕ್ಕೆ ಹರಿಹರದ ಹೊಳೆಯೇ ಗಡಿ, ಈಚೆ ಮೈಸೂರು, ಆಚೆ ಮುಂಬಯಿ ಸೀಮೆ. ಸೇತುವೆಯಿದೆ, ಬಸ್ಸು ಓಡುತ್ತವೆ, ರಾಜ್ಯ ಒಂದಾಗಿ ಎಷ್ಟೋ ಕಾಲವಾಯಿತು. ಆದರೂ ಅತ್ತೆ ಇವತ್ತಿಗೂ ಸಂಬಂಧ ನೋಡುವಾಗ, "ಹೊಳಿ ಆಚೆಯೋರಾ? ಸ್ವಲ್ಪ ವಿಚಾರಿಸ್ರಿ" ಎನ್ನುತ್ತಾರೆ. ಏನು ವಿಚಾರಿಸಬೇಕು ಎಂದರೆ ಅವರಿಗೂ ಗೊತ್ತಿಲ್ಲ.

ಇಂಥ ಅತ್ತೆ ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾದರು. ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಕೆಲವು ವರ್ಷಗಳ ಹಿಂದೆ ಅಪ್ಪ ತೀರಿಕೊಂಡ. ಮಲಗಿದಲ್ಲಿಯೇ, ಹೆಚ್ಚು ನರಳದೆ ಹೋದ. ಅತ್ತೆ ಹರಿಹರದಿಂದ ಬಂದರು. ಅಪ್ಪನ ತಲೆಯ ಹತ್ತಿರ ಒಂದು ಹಿತ್ತಾಳೆ ಗಿಂಡಿ ಇತ್ತು, ಸೊಂಡಿಲಿನ ತುದಿ ಸ್ವಲ್ಪ ಮುರಿದದ್ದು. ಅವನು ಗದ್ದೆಗೆ ಹೋಗುವಾಗ ಕುಡಿಯುವ ನೀರು ಒಯ್ಯುತ್ತಿದ್ದದ್ದು ಅದರಲ್ಲೇ, ಕೊನೆಗೆ ಬಾಯಿಗೆ ನೀರು ಬಿಟ್ಟಿದ್ದೂ ಅದರಿಂದಲೇ. ಅತ್ತೆ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದು ಯಾರದು?" ಎಂದು ಕೇಳಿದರು. "ಅವ್ರದೇ, ಬೀಗ್ತೇರೆ. ಎಲ್ಲಿಗೆ ಹೋದ್ರೂ ಬಿಡ್ತಿರಲಿಲ್ಲ" ಎಂದಳು ಅವ್ವ ಅಳುತ್ತ. ಅತ್ತೆ ಗಿಂಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಆ ದಿನದಿಂದ ನನ್ನ ಮದುವೆಯ ಬಗ್ಗೆ ಒಂಟಿ ನೀರು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಡಾಕ್ಟರ ಹತ್ತಿರ ಬಾಟಲಿ ತೆಗೆಯುವುದು ನಿಲ್ಲಲಿಲ್ಲ, ನನ್ನನ್ನು ಚುಚ್ಚುವುದು ಮಾತ್ರ ನಿಂತಿತು.

ಬೇರೆ ಸೊಸೆಯಾಗಿದ್ದರೆ ಸಂತೋಷಪಡುತ್ತಿದ್ದಳು. ನನಗೆ ನಿದ್ದೆ ಕೆಟ್ಟಿತು. ಬೊಗಳುವ ನಾಯಿ ಸುಮ್ಮನಾದರೆ ಕಚ್ಚುತ್ತದೆ ಎಂದು ಭಯ. ಅಪ್ಪ ಸತ್ತನೆಂದು ಕನಿಕರವೋ? ಅವರಿಗೆ ಕನಿಕರ ಅಷ್ಟು ದಿನ ಬಾಳುವುದಿಲ್ಲ. ಏನೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಮಗಳ ಮದುವೆಯಲ್ಲಿ ತೆಗೆಯುತ್ತಾರೆ ಎಂದು ಕಾಯುತ್ತಾ ಕೂತೆ.

ಮದುವೆ ಹತ್ತಿರ ಬಂತು. ಮಂಟಪ ದಾವಣಗೆರೆಯಲ್ಲೇ. ಅತ್ತೆಗೆ ಮಂಡಿನೋವು, ಹೊಳೆಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಹಾಗಾದರೆ ತುಂಬುವವರು ಯಾರು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ದಿನ ಬಟ್ಟೆಬರೆ ಕೊಡಲು ಹರಿಹರಕ್ಕೆ ಹೋದಾಗ ನೋಡುತ್ತೇನೆ, ನೆಗೆಣ್ಣಿ ಹಿತ್ತಲಲ್ಲಿ ಕೂತು ಆ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಾಳೆ.

"ಏನಿದು?" ಎಂದೆ.

"ಅತ್ತೆ ಹೇಳ್ಯಾರೆ ಅಕ್ಕಾ, ತಂಬಿಗಿ ಬೆಳಗಿಡು, ಹೊಳಿಗೆ ಒಯ್ಯಾಕೆ ಬೇಕು ಅಂತ."

"ಯಾರು ಒಯ್ತಾರಂತೆ?"

"ಅದು ಹೇಳಿಲ್ಲಕ್ಕಾ."

ಹೇಳದೆ ಏನು, ಕಣ್ಣಿಗೇ ಕಾಣುತ್ತಿತ್ತಲ್ಲ. ಬೆಳಗಿದವಳೇ ತುಂಬುತ್ತಾಳೆ. ಪಾಪದ ಹುಡುಗಿ, ಅವಳ ತಪ್ಪೇನೂ ಇರಲಿಲ್ಲ. ಆದರೂ ಅವಳು ಕೊಟ್ಟ ಚಹಾ ಕುಡಿಯದೆ ಬಂದೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆ ಆನಿಸಿ, ನನ್ನ ಮಗಳ ಮದುವೆಯಲ್ಲೂ ನಾನು ಚಪ್ಪಲಿ ಕಾಯಬೇಕೇ ಎಂದು ಕಣ್ಣೀರು ಹಾಕಿದೆ.

ಅದೇ ವಾರ ಮದುವೆಗೆ ಕರೆಯಲು ತವರಿಗೆ ಹೋದೆ. ಬೇಸಿಗೆ ಬೆಳೆಗೆ ನಾಲೆ ಬಿಟ್ಟಿದ್ದರು. ಹಿಂಬದಿಯ ಕಾಲುವೆಯಲ್ಲಿ ಮೊಣಕಾಲುದ್ದ ನೀರು. ಅವ್ವ ಕಲ್ಲಿನ ಮೇಲೆ ಕೂತು ಅಪ್ಪನ ಗಿಂಡಿಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು.

"ಇದನ್ಯಾಕ ತೊಳೀತಿದ್ದಿ ಅವ್ವಾ?"

"ಮದುವಿಗೆ ನೀರು ತರಬೇಕಲ್ಲ."

"ಯಾವ ನೀರು?"

"ಯಾವ ನೀರು ಅಂದ್ರೆ? ನಮ್ಮ ನೀರು." ಗಿಂಡಿಯನ್ನು ಕಾಲುವೆಯಲ್ಲಿ ಅದ್ದಿದಳು. "ನಿಮ್ಮಪ್ಪ ನಿನ್ನ ಮದುವಿಗೂ ತಂದಿದ್ದ. ಇದ್ರಾಗೇ."

ನಾನು ಅವಳೆದುರು ಕಾಲುವೆಯ ದಂಡೆಯ ಮೇಲೆ ಕೂತೆ. "ಹಂಗಾದ್ರೆ ಬದ್ಲಿ ಮಾಡಿದ್ದು ಅಪ್ಪನೇ?"

"ಬದ್ಲಿ ಯಾಕ ಮಾಡ್ತಾನೆ? ಹುಚ್ಚು ಹಿಡಿದಿತ್ತೇನು ಅವಂಗೆ? ಅವ್ರ ತಂಬಿಗ್ಯಾಗೆ ಜಾಗ ಇತ್ತು. ನಮ್ಮದೂ ಒಂದೀಟು ಹಾಕ್ದ. ಅವ್ರ ನೀರು ಒಂದನ್ನೇ ಎರದ್ರೆ ಅದು ಹೆಂಗೆ ಕೂಡಿದಂಗಾತು, ಹೆಣ್ಣಿನ ಮನೀದೂ ಬೀಳಬೇಕಲ್ಲ, ಅಂದ."

ಬದಲಿಸಿರಲಿಲ್ಲ. ಸೇರಿಸಿದ್ದ. ನೀರು ಕಂಠದಿಂದ ಬಾಯಿಗೆ ಏರಿದ್ದು ಅದಕ್ಕೆ. ಇಷ್ಟು ಜನ ಇಷ್ಟು ವರ್ಷ ಜಗಳ ಆಡಿದೆವು, ಯಾರೋ ಸೇರಿಸಿದ್ದಕ್ಕೇ ನೀರು ಹೆಚ್ಚಾಗಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ನೀರು ಎಂದರೆ ಕದಿಯುವುದು, ತಿರುಗಿಸುವುದು, ಅಡ್ಡಗಟ್ಟುವುದು ಎಂದಷ್ಟೇ ಗೊತ್ತಿದ್ದ ಜನ ನಾವು. ಯಾರೋ ತಮ್ಮದನ್ನು ತಂದು ಹಾಕಿ ಹೋಗುತ್ತಾರೆ ಎಂಬುದು ನಮ್ಮ ತಲೆಗೆ ಹೋಗುವುದು ಹೇಗೆ?

"ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು ಅವಂಗೆ?" ಎಂದು ಕೂಗಿದೆ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

"ಹೇಳಿದ್ರೆ ನಿಮ್ಮತ್ತಿ ಚೆಲ್ಲಿಸ್ತಿರಲಿಲ್ಲೇನು? ಮುಹೂರ್ತ ಮೀರ್ತಿರಲಿಲ್ಲೇನು?"

"ಆಮ್ಯಾಲಾದ್ರೂ ನನಗೆ ಹೇಳ್ಬೋದಿತ್ತು."

"ನಿಂಗೆ ಹೇಳಿದ್ರೆ ಊರಿಗೇ ಹೇಳಿದಂಗೆ. ಸಿಟ್ಟು ಬಂದ್ರೆ ನಿನ್ ಬಾಯಿ ತೂಬು ಕಿತ್ತ ನಾಲಿ." ಅವ್ವ ಗಿಂಡಿಯನ್ನು ಬಿಸಿಲಿಗೆ ಬೋರಲು ಹಾಕಿದಳು. "ಅವ ಅಂತಿದ್ದ, ನಮ್ಮ ಗದ್ದಿ ಬಸಿದ ನೀರು ಹಳ್ಳಕ್ಕೆ ಬಿದ್ದು, ಸೂಳೆಕೆರೆ ಹಳ್ಳ ಕೂಡಿ, ಹರಿಹರದಾಗೆ ಹೊಳಿಗೇ ಹೋಗ್ತೈತೆ. ಅವ್ರು ಕುಡಿಯೋದ್ರಾಗೆ ಮೊದ್ಲಿಂದನೂ ನಮ್ಮದು ಐತೆ, ಅಂತ."

ಎಲ್ಲಾ ಹೊಳೆಗೇ ಹೋಗೋ ನೀರು. ಅಪ್ಪ ನುಣುಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಪ್ರತಿ ಸಲವೂ ಉತ್ತರವನ್ನೇ ಕೊಟ್ಟಿದ್ದ. ಅವನು ಬದುಕಿದ್ದಾಗ ನನಗೆ ಅದು ತಿಳಿಯಲಿಲ್ಲವಲ್ಲ ಎಂದು ಆ ಕಾಲುವೆಯ ದಂಡೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆದರೂ ನನ್ನ ಸ್ವಭಾವ ನೋಡಿ, ವಾಪಸ್ಸು ಬರುವಾಗ ಇದನ್ನು ಅವ್ವ ಈಗ ಕಟ್ಟಿ ಹೇಳಿದಳೋ ಏನೋ ಎಂಬ ಹುಳವೂ ತಲೆಗೆ ಹೊಕ್ಕಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಈಗ ಅತ್ತೆಗೆ ಹೇಳುವುದೋ ಬೇಡವೋ? ಹೇಳಿದರೆ, "ನೋಡಿದ್ರಾ, ಮುಟ್ಟಿದ್ದು ನಿಜಾನೇ" ಎನ್ನುತ್ತಾರೆ. ಹೇಳದಿದ್ದರೆ ತಂಬಿಗೆ ನೆಗೆಣ್ಣಿಯ ಕೈಗೆ ಹೋಗುತ್ತದೆ. ಕೊನೆಗೆ, ಹೊಳೆಯ ಮೆಟ್ಟಿಲ ಮೇಲೆ, ಎಲ್ಲರೆದುರಿಗೆ, ನೆಗೆಣ್ಣಿ ನೀರಿಗೆ ಕಾಲಿಡುವ ಮುಂಚೆ ಹೇಳಿಬಿಡುವುದು ಎಂದು ನಿಶ್ಚಯಿಸಿದೆ. ಚೆಲ್ಲಲಿ, ರಂಪವಾಗಲಿ, ನನ್ನ ಅಪ್ಪನ ಹೆಸರಿಗಂಟಿದ ಕಳಂಕ ತೊಳೆಯಲಿ. ಮಾತುಗಳನ್ನು ಅಡಿಗೆ ಮಾಡುತ್ತ, ಸ್ನಾನ ಮಾಡುತ್ತ ಬಾಯಿಪಾಠ ಮಾಡಿಕೊಂಡೆ.

ಮದುವೆಯ ದಿನ ಬೆಳಗ್ಗೆ ನಾವು ಮನೆಯ ಹೆಂಗಸರು ಹರಿಹರದ ಹೊಳೆಗೆ ಹೋದೆವು. ಬೇಸಿಗೆಯ ಹೊಳೆ ನೋಡಲು ಚೆಂದವಿಲ್ಲ. ನಡುವೆಲ್ಲ ಬಂಡೆ, ಜೊಂಡು, ಮರಳು ತೆಗೆದ ಗುಂಡಿಗಳು. ಮೆಟ್ಟಿಲ ಹತ್ತಿರ ಯಾರೋ ಬಿಟ್ಟ ಪ್ಲಾಸ್ಟಿಕ್ ಚೀಲ, ಒಣಗಿದ ಹಾರ. ಸೇತುವೆಯ ಮೇಲೆ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ನೀರು ಹರಿಯುತ್ತಿದ್ದದ್ದು ಒಂದು ಬದಿಗೆ ಮಾತ್ರ. ಅಣೆಕಟ್ಟಿನಿಂದ ಬಿಟ್ಟದ್ದೋ, ಯಾರದ್ದೋ ಗದ್ದೆಯಿಂದ ಬಸಿದು ಬಂದದ್ದೋ, ಯಾರು ಹೇಳಬೇಕು? ಅಲ್ಲಿ ನಿಂತಾಗ ನನಗೆ ಮೊದಲ ಸಲ ಆ ನೀರು ಪರಿಚಯದ್ದು ಅನ್ನಿಸಿತು.

ಅತ್ತೆ ಮೇಲಿನ ಮೆಟ್ಟಿಲ ಮೇಲೆ ಕೂತರು, ಮಡಿಲಲ್ಲಿ ತಂಬಿಗೆ. ನೆಗೆಣ್ಣಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಳ್ಳುತ್ತಿದ್ದಳು. ನಾನು ಬಾಯಿ ತೆರೆದೆ. ಬಾಯಿಪಾಠವೆಲ್ಲ ಮರೆತು ಹೋಯಿತು.

"ನೀ ಎಲ್ಲಿಗೆ ಹೊಂಟಿ?" ಎಂದರು ಅತ್ತೆ, ನೆಗೆಣ್ಣಿಗೆ. "ಹೂವಿನ ಬುಟ್ಟಿ ಹಿಡ್ಕೊಂಡು ನಿಲ್ಲು." ಆಮೇಲೆ ನನ್ನ ಕಡೆ ತಂಬಿಗೆ ಚಾಚಿದರು. "ಏನ್ ನೋಡ್ತಿ? ಮದುವಿ ನಿನ್ನ ಮಗಳದೋ ಅವಳ ಮಗಳದೋ? ಇಳಿ."

ನಾನು ತಕ್ಷಣ ಕೈ ಚಾಚಲಿಲ್ಲ. ಇದರಲ್ಲಿ ಏನೋ ಇದೆ ಎಂದೇ ಅನ್ನಿಸಿತು. ನಾನು ತುಂಬಿ ತಂದ ಮೇಲೆ ಎಲ್ಲರೆದುರು ಚೆಲ್ಲಿಸಿ, ನೆಗೆಣ್ಣಿಯ ಕೈಲಿ ಮತ್ತೆ ತುಂಬಿಸುತ್ತಾರೋ? ಅವರ ಮುಖ ನೋಡಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು, ಏನೂ ತಿಳಿಯಲಿಲ್ಲ. ತಂಬಿಗೆ ತೆಗೆದುಕೊಂಡೆ. ಇಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀರಿಗಿಳಿದು, ಹರಿಯುವ ಕಡೆ ಬಾಯಿ ಕೊಟ್ಟು ಅದ್ದಿದೆ. ಗುಳುಗುಳು ಎಂದು ತುಂಬಿತು. ಇಷ್ಟು ವರ್ಷದ ಆಸೆಗೆ, ಹಟಕ್ಕೆ, ಬಾಯಿಮಟ ತುಂಬಿದೆ. ಅಂಚಿನಿಂದ ತುಳುಕಿ ನನ್ನ ಮುಂಗೈ ಮೇಲೆ ಹರಿಯುವಷ್ಟು. ಹೊತ್ತುಕೊಂಡು ಮೇಲೆ ಬಂದೆ.

ಅತ್ತೆ ಇಣುಕಿ ನೋಡಿದರು. "ಅಷ್ಟ್ಯಾಕ ತುಂಬಿದಿ? ಚೆಲ್ಲು."

ಬಂತು ನೋಡಿ, ನಾನು ಕಾಯುತ್ತಿದ್ದದ್ದು ಇದನ್ನೇ. "ಯಾಕ ಚೆಲ್ಲಬೇಕು?" ಎಂದು ಅತ್ತೆಗೆ ಎದುರು ನಿಂತೆ. ನೆಗೆಣ್ಣಿ ಬುಟ್ಟಿ ಹಿಡಿದು ಎರಡು ಮೆಟ್ಟಿಲು ಹಿಂದೆ ಸರಿದಳು.

"ಕಂಠಮಟ ಸಾಕು" ಎಂದರು ಅತ್ತೆ. ಧ್ವನಿ ಏರಲಿಲ್ಲ. ಹೊಳೆಯ ಕಡೆ ನೋಡುತ್ತಿದ್ದರು. "ನಿಮ್ಮವ್ವ ಗಿಂಡಿ ತರಲ್ಲೇನು? ಅಕಿಗೆ ಜಾಗ ಬ್ಯಾಡೇನು?"

ನಾನು ಅವರಿಗೆ ಏನೂ ಹೇಳಿರಲಿಲ್ಲ. ಅವ್ವನೂ ಹೇಳಿರಲಿಲ್ಲ, ಆಮೇಲೆ ಆಣೆ ಹಾಕಿಸಿ ಕೇಳಿದ್ದೇನೆ. ನನ್ನ ಮದುವೆಯ ದಿನ ಆ ಕೋಣೆಯ ಬಾಗಿಲಲ್ಲಿ ಮುರಿದ ಸೊಂಡಿಲಿನ ಗಿಂಡಿ ಹಿಡಿದವನನ್ನು ಅವರು ಕಂಡಿದ್ದರೋ, ಅಪ್ಪ ಸತ್ತ ದಿನ ಅದನ್ನು ಮತ್ತೆ ನೋಡಿ ಲೆಕ್ಕ ಕೂಡಿಸಿದರೋ? ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಅವರು ಆಗಲೇ ಕೋಲೂರಿ ಏಳುತ್ತ, ಟೆಂಪೋದವನು ಎಲ್ಲಿ ಸತ್ತ ಎಂದು ಬಯ್ಯುತ್ತಿದ್ದರು.

ನನ್ನ ಕಣ್ಣು ಮಂಜಾಗಿ ತಂಬಿಗೆಯ ಕಂಠ ಯಾವುದು, ಬಾಯಿ ಯಾವುದು ಎಂದು ಕಾಣಿಸುತ್ತಿರಲಿಲ್ಲ. ಬಗ್ಗಿ, ಹೆಚ್ಚಿನ ನೀರನ್ನು ಹೊಳೆಗೇ ಚೆಲ್ಲಿದೆ. ಅತ್ತೆ ಹೇಳಿದ್ದಕ್ಕಿಂತ ಒಂದು ಬೆರಳು ಕೆಳಗೇ ಬಿಟ್ಟೆ. ಅಪ್ಪನ ಗಿಂಡಿ ಸಣ್ಣದೇನಲ್ಲ.